ಸಭಾಧ್ಯಕ್ಷರ ಮೇಜಾಗಿ ಬಡ್ತಿ ಪಡೆದ ಸಂಡಾಸದ ಬಾಗಿಲಿಗೆ

ಶ್ರೀಮಾನ್ ಬಾಗಿಲು ಮಹಾಶಯರಿಗೆ,
ಹಿಂದಿನ ಕೆಲಸ: ಹೆಂಗಸರ ಸಂಡಾಸದ ಕಾವಲು. ಈಗಿನ ಕೆಲಸ: ಅಧ್ಯಕ್ಷರ ಮೇಜು.
ಭಾಗೀರಥಿ ಚಾಳ ನಿವಾಸಿಗಳ ವಿಕಾಸ ಸಮಿತಿ, ಕುರ್ಲಾ, ಮುಂಬಯಿ.

ಮಾನ್ಯರೇ,

ಇವತ್ತು ಶ್ರಾವಣ ಸೋಮವಾರ, ನನ್ನದು ಉಪವಾಸ. ನಳಕ್ಕೆ ನೀರು ಬರುವ ಮೊದಲೇ ಎದ್ದು ಕೊಡಗಳನ್ನು ಸಾಲಿಗೆ ಇಟ್ಟು, ನೀರು ತುಂಬಿ, ಖೋಲಿ ಒರೆಸಿ, ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ಮನೆಯವರಿಗೂ ಮಗನಿಗೂ ರೊಟ್ಟಿ ಬಡಿದು ಡಬ್ಬಿ ಕಟ್ಟಿ ಕೆಲಸಕ್ಕೆ ಕಳಿಸಿ, ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಈಗ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಬಿಟ್ಟರೆ ಬೇರೇನೂ ಇಲ್ಲದೆ ತಮ್ಮ ದಿವ್ಯ ಸನ್ನಿಧಿಗೆ ಈ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ತಾವು ಕ್ಷೇಮವಾಗಿದ್ದೀರೆಂದು ಕೇಳಿ ಬಲ್ಲೆ. ತಮ್ಮ ಮೈಮೇಲೆ ಹಸಿರು ಬಟ್ಟೆ ಹಾಸಿದ್ದಾರೆ, ರವಿವಾರಕ್ಕೊಮ್ಮೆ ಹೂದಾನಿ ಇಡುತ್ತಾರೆ, ಮಳೆ ಹನಿ ತಮ್ಮನ್ನು ಮುಟ್ಟುವುದಿಲ್ಲ. ಇತ್ತ ನಾವು ಕ್ಷೇಮವೆಂದು ಬರೆಯುವುದು ವಾಡಿಕೆ, ಆದರೆ ಉಪವಾಸದ ದಿನ ಸುಳ್ಳು ಬರೆಯಬಾರದು.

ಬಾಗಿಲಿಗೆ ಪತ್ರ ಬರೆಯುವ ಈಕೆ ಎಂಥ ಹೆಂಗಸು ಎಂದು ಓದುವವರು ನಗಬಹುದು. ದಿನಾ ಬೆಳಿಗ್ಗೆ ಹೊಸ್ತಿಲಿಗೆ ಕೈಮುಗಿದು ಮನೆಯ ಕಷ್ಟಸುಖ ಹೇಳಿಕೊಳ್ಳುವ ನಮ್ಮಂಥವರಿಗೆ ಬಾಗಿಲ ಕೂಡ ಮಾತಾಡುವುದು ಹೊಸದಲ್ಲ. ಮೇಲಾಗಿ ನಾನು ಮೊದಲು ಅಧ್ಯಕ್ಷರಿಗೆ ಬಾಯಿಂದ ಹೇಳಿದೆ, ಆಮೇಲೆ ಕಾರ್ಯದರ್ಶಿಗಳಿಗೆ ಹೇಳಿದೆ, ಅದೇ ಸಮಿತಿಯ ಸದಸ್ಯರಾಗಿರುವ ನಮ್ಮ ಮನೆಯವರಿಗೆ ಊಟಕ್ಕೆ ಬಡಿಸುವಾಗ ಹೇಳಿದೆ, ಮೂವರೂ ಕಟ್ಟಿಗೆಯ ಹಾಗೆ ಕೂತು ಕೇಳಿದರು. ಕಟ್ಟಿಗೆಗೇ ಹೇಳಬೇಕೆಂದಿದ್ದರೆ ಒಳ್ಳೆಯ ಕಟ್ಟಿಗೆಗೆ ಹೇಳೋಣವೆಂದು ತಮ್ಮನ್ನು ಆರಿಸಿಕೊಂಡೆ. ತಾವು ಬರ್ಮಾ ಸಾಗವಾನಿ. ಅವರು ಯಾವ ಮರವೋ ಶಿವನೇ ಬಲ್ಲ.

ಬಿಜಾಪುರ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ದೊಡ್ಡವರಿಗೆ ಅರ್ಜಿ ಬರೆಯುವಾಗ ಮೊದಲು ಹೊಗಳಬೇಕು, ನಡುವೆ ಅಡಚಣೆ ತಿಳಿಸಬೇಕು, ಕೊನೆಗೆ ಬೇಡಿಕೊಳ್ಳಬೇಕು ಎಂದು ನಮ್ಮ ಮಾಸ್ತರರು ಹೇಳಿಕೊಟ್ಟಿದ್ದರು. ಆ ಪ್ರಕಾರವೇ ಬರೆಯುತ್ತಿದ್ದೇನೆ. ಇದನ್ನು ಶನಿವಾರ ಹೊರಬರುವ ಕನ್ನಡ ವಾರಪತ್ರಿಕೆಗೆ ಕೊಡುವುದೆಂದು ಮಾಡಿದ್ದೇನೆ, ಏಕೆಂದರೆ ನಮ್ಮ ಅಧ್ಯಕ್ಷರು ತಮ್ಮ ಹೆಸರು ಎಲ್ಲಾದರೂ ಬಂದಿದೆಯೋ ಎಂದು ನೋಡಲಿಕ್ಕಾದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಈ ವಾರ ಅವರಿಗೆ ನಿರಾಸೆಯಾಗುವುದಿಲ್ಲ.

ಮೊದಲು ತಮ್ಮ ಸೇವೆ ನೆನೆಯುತ್ತೇನೆ. ನಾನು ಲಗ್ನವಾಗಿ ಈ ಚಾಳಿಗೆ ಬಂದಾಗ ತಾವು ಆಗಲೇ ಕೆಲಸದ ಮೇಲಿದ್ದಿರಿ. ಅಂಗಳದ ಕೊನೆಯಲ್ಲಿ ಗಂಡಸರಿಗೆ ಎರಡು, ಹೆಂಗಸರಿಗೆ ಎರಡು ಸಂಡಾಸ. ನಮ್ಮ ಎರಡರಲ್ಲಿ ಒಂದರ ನೆಲ ಕುಸಿದು, ಬಾಗಿಲೂ ಮುರಿದು ಹೋಗಿ ಎಷ್ಟೋ ವರ್ಷವಾಗಿ, ಉಳಿದ ಒಂದರ ಭಾರವೆಲ್ಲ ತಮ್ಮ ಮೇಲೆ ಬಿತ್ತು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೊರಗಿ, ಕೆಳಗಿನ ಅಂಚು ಕೊಳೆತು ಹೋದರೂ ತಾವು ಒಂದು ದಿನ ರಜೆ ಕೇಳಲಿಲ್ಲ. ಒಳಗೆ ಬಂದವಳು ಘಟ್ಟದ ಕೆಳಗಿನವಳೋ ಮೇಲಿನವಳೋ, ಮರಾಠಿಯವಳೋ ಕನ್ನಡದವಳೋ, ನಿನ್ನೆ ಬಂದ ಮದುಮಗಳೋ ಕಣ್ಣು ಕಾಣದ ಮುದುಕಿಯೋ ಎಂದು ವಿಚಾರಿಸದೆ ಎಲ್ಲರ ಮಾನವನ್ನೂ ಒಂದೇ ಸಮನೆ ಕಾಪಾಡಿದಿರಿ. ತಾವು ಭಾಷಣ ಮಾಡಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ. ಚಿಲಕ ಬಿದ್ದ ಸದ್ದು ಒಂದೇ ತಮ್ಮ ಮಾತು, ಆ ಮಾತು ಕೇಳಿದರೆ ಒಳಗಿದ್ದವಳಿಗೆ ಧೈರ್ಯ. ಚಾಳಿನಲ್ಲಿ ಹೆಂಗಸರಿಗಾಗಿ ಕೆಲಸ ಮಾಡಿದ ಸಮಿತಿ ಎಂಬುದೇನಾದರೂ ಇದ್ದಿದ್ದರೆ ಅದು ತಾವೊಬ್ಬರೇ.

ಹೋಳಿಯ ಹೊತ್ತಿಗೆ ತಮ್ಮ ಮೇಲಿನ ಬಿಜಾಗರಿ ಸಡಿಲವಾಯಿತು. ಎರಡು ಸ್ಕ್ರೂ ಬಿಗಿದರೆ ಆಗುವ ಕೆಲಸ, ಯಾವ ಗಂಡಸಾದರೂ ಒಂದು ಬೀಡಿ ಸೇದುವಷ್ಟರಲ್ಲಿ ಮಾಡಬಹುದಿತ್ತು. ಆದರೆ ನಮ್ಮ ದುರ್ದೈವಕ್ಕೆ ಅದೇ ವೇಳೆಗೆ ವಾರ್ಡ್ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಯಾವ ಚಾಳಿನವರು ಸಮಿತಿ ಕಟ್ಟಿ, ಕ್ರಮವಾಗಿ ಸಭೆ ನಡೆಸಿ, ನಿವಾಸಿಗಳೆಲ್ಲ ಕೈಜೋಡಿಸಿ ಶ್ರಮದಾನ ಮಾಡುತ್ತಾರೋ ಅವರಿಗೆ ಮೋರಿ, ನಳ, ಬಾಗಿಲು ಇತ್ಯಾದಿ ದುರಸ್ತಿಗೆ ಸಹಾಯಧನ ಸಿಗುತ್ತದೆ ಎಂದು ಅದರಲ್ಲಿ ಇತ್ತು. ಒಳ್ಳೆಯ ಮಾತೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅವತ್ತಿನಿಂದ ನಮ್ಮ ಚಾಳಿನ ಗಂಡಸರು ಬಿಜಾಗರಿ ನೋಡುವುದನ್ನು ಬಿಟ್ಟು ಸಮಿತಿ ನೋಡತೊಡಗಿದರು. ಬಟ್ಟೆ ಪೇಢಿಯಲ್ಲಿ ಗುಮಾಸ್ತರಾಗಿರುವ ಧಾರವಾಡ ಕಡೆಯ ಶಿವಪುತ್ರಪ್ಪನವರು ಅಧ್ಯಕ್ಷರಾದರು, ಏಕೆಂದರೆ ಅವರ ಹತ್ತಿರ ಕೋಟು ಇದೆ. ಉಡುಪಿ ಕಡೆಯ ಅಣ್ಣು, ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವವರು, ಕಾರ್ಯದರ್ಶಿಯಾದರು, ಏಕೆಂದರೆ ಸಭೆಗೆ ಚಹಾ ಅವರ ಕಡೆಯಿಂದ ಅಗ್ಗಕ್ಕೆ ಬರುತ್ತದೆ. ನಮ್ಮ ಮನೆಯವರು, ಹೆಸರು ಹೇಳುವಂತಿಲ್ಲ, ಸದಸ್ಯರಾದರು, ಏಕೆಂದರೆ ಅವರು ಯಾವುದಕ್ಕೂ ಬೇಡವೆನ್ನುವುದಿಲ್ಲ.

ಶ್ರಮದಾನದ ರವಿವಾರ ತಮಗೆ ನೆನಪಿರಲೇಬೇಕು. ಬೆಳಿಗ್ಗೆಯೇ ಬಿಳಿ ಟೋಪಿ ಹಾಕಿಕೊಂಡು, ಹೊಸ ಸಲಿಕೆ ಹಿಡಿದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಗಂಡಸರು ಸಾಲಾಗಿ ನಿಂತರು. ಫೋಟೋದವನು ಬರುವ ತನಕ ಯಾರೂ ಸಲಿಕೆ ನೆಲಕ್ಕೆ ಮುಟ್ಟಿಸಲಿಲ್ಲ, ಅವನು ಹೋದ ಮೇಲೆ ಮುಟ್ಟಿಸುವ ಕಾರಣ ಉಳಿಯಲಿಲ್ಲ. ಮೋರಿ ಇದ್ದಲ್ಲೇ ಇತ್ತು, ನಳ ಸೋರುವುದು ಸೋರುತ್ತಲೇ ಇತ್ತು. ಆ ದಿನ ಪೂರ್ತಿಯಾದ ಕೆಲಸ ಒಂದೇ: ತಮ್ಮನ್ನು ಬಿಜಾಗರಿಯಿಂದ ಬಿಚ್ಚಿ, ನಾಲ್ವರು ಹೆಗಲು ಕೊಟ್ಟು, ದುರಸ್ತಿಗೆಂದು ಹೇಳಿ ಒಯ್ದರು. ಗಂಡಸರ ಕಡೆಯ ಬಾಗಿಲನ್ನೂ ಅಳೆದು ನೋಡಿದ್ದರು. ಬಾಗಿಲು ದುರಸ್ತಿಗೆ ಒಯ್ಯುವವರು ಅದರ ಅಗಲ ಏಕೆ ಅಳೆಯಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಅದು ಅಗಲ ಸಾಲದ್ದಂತೆ. ಹಾಗಾಗಿ ಅವರ ಬಾಗಿಲು ಅವರ ಸಂಡಾಸಕ್ಕೇ ಉಳಿಯಿತು, ನಮ್ಮದಕ್ಕೆ ದೇಶಸೇವೆಯ ಯೋಗ ಬಂತು.

ಅದಾದ ಮೇಲೆ ತಳಮಜಲಿನ ಖಾಲಿ ಖೋಲಿಯಲ್ಲಿ ರವಿವಾರ ರವಿವಾರ ಸಭೆ. ನಾನು ಮನೆಯವರನ್ನು ಕೇಳುತ್ತಿದ್ದೆ, ಬಾಗಿಲು ಏನಾಯಿತೆಂದು. ಅವರು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತ, “ವಿಷಯ ವಿಚಾರದಾಗ ಐತಿ” ಎನ್ನುವರು. ಮುಂದಿನ ವಾರ ಕೇಳಿದರೆ, “ಭಾಳ ಹೊತ್ತು ಚರ್ಚಾ ಆತು, ಅಧ್ಯಕ್ಷರು ಟೇಬಲ್ ಗುದ್ದಿ ಮಾತಾಡಿದ್ರು” ಎನ್ನುವರು. ಸಮಿತಿಗೆ ಟೇಬಲ್ ಎಲ್ಲಿಂದ ಬಂತೆಂದು ಕೇಳಬೇಕೆಂದು ನನಗೆ ತೋಚಲಿಲ್ಲ, ಹೇಳಬೇಕೆಂದು ಅವರಿಗೆ ತೋಚಲಿಲ್ಲ.

ತಾವಿಲ್ಲದ ಜಾಗಕ್ಕೆ ನಾವು ಮೊದಲು ಹಳೆಯ ಸೀರೆ ಕಟ್ಟಿದೆವು. ಗಾಳಿಗೆ ಸೀರೆ ನಿಲ್ಲಲಿಲ್ಲ, ಮಳೆ ಹಿಡಿದ ಮೇಲೆ ಅದು ತೊಯ್ದು ಮೈಗೆ ಅಂಟತೊಡಗಿತು. ಹಗಲಲ್ಲಿ ಗಂಡಸರ ಕಡೆಗೆ ಹೋಗೋಣವೆಂದರೆ ಪಾಳಿ ಕೆಲಸದವರು ಯಾವ ಹೊತ್ತಿಗೆ ಬರುತ್ತಾರೆಂಬುದು ಗೊತ್ತಿಲ್ಲ. ಕೊನೆಗೆ ನಮ್ಮ ಪಕ್ಕದ ಖೋಲಿಯ ಸೇವಂತಿ, ಮಂಗಳೂರು ಕಡೆಯವಳು, ಒಂದು ಉಪಾಯ ತೆಗೆದಳು. ನಮ್ಮ ಮನೆಯ ದೊಡ್ಡ ಕರಿ ಛತ್ರಿಯನ್ನು ಒಳಗೆ ಒಯ್ಯುವುದು, ಅದನ್ನು ಬಿಚ್ಚಿ ಮುಂದೆ ಅಡ್ಡ ಹಿಡಿದು ಕೂಡುವುದು. ಹೊರಗಿನಿಂದ ನೋಡಿದವರಿಗೆ ಕರಿ ಛತ್ರಿ ಕಂಡರೆ ಒಳಗೆ ಯಾರೋ ಇದ್ದಾರೆಂದು ಅರ್ಥ. ಇವತ್ತಿಗೂ ಚಾಳಿನ ಹೆಂಗಸರೆಲ್ಲ ನಮ್ಮ ಖೋಲಿಗೆ ಬಂದು, “ಕಾಶವ್ವಾ, ಛತ್ರಿ ಐತೇನ?” ಎಂದು ಕೇಳಿ ಒಯ್ಯುತ್ತಾರೆ. ಗಾಳಿ ಜೋರಾದರೆ ಛತ್ರಿ ಹಿಂದುಮುಂದಾಗುತ್ತದೆ. ಆಗ ಒಂದು ಕೈಯಿಂದ ಅದನ್ನು ಹಿಡಿಯಬೇಕೋ ಸೀರೆ ಹಿಡಿಯಬೇಕೋ ಚೊಂಬು ಹಿಡಿಯಬೇಕೋ ಎಂಬುದನ್ನು ಸಮಿತಿಯ ಯಾವ ಸದಸ್ಯರೂ ಚರ್ಚೆಗೆ ತಂದದ್ದು ನಾನು ಕೇಳಿಲ್ಲ.

ಹೀಗಿರುವಾಗ ಆಷಾಢ ಮುಗಿಯುವ ಹೊತ್ತಿಗೆ ವಾರ್ಡಿನ ಸಾಹೇಬರು ಸಮಿತಿಯ ಸಭೆ ನೋಡಲು ಬರುತ್ತಾರೆಂದಾಯಿತು. ನಿವಾಸಿಗಳು ಭಾಗವಹಿಸಬೇಕು, ಅದರಲ್ಲೂ ಹೆಂಗಸರು ಕಾಣಬೇಕು ಎಂದು ಮೇಲಿನಿಂದ ಅಪ್ಪಣೆಯಂತೆ. ಅಲ್ಲಿಯವರೆಗೆ ಸಭೆಯ ಬಾಗಿಲಲ್ಲಿ ನಾವು ನೆರಳು ಹಾಯಿಸಿದರೂ ಕೆಮ್ಮುತ್ತಿದ್ದ ಶಿವಪುತ್ರಪ್ಪನವರು ಅವತ್ತು ತಾವೇ ಗ್ಯಾಲರಿಗೆ ಬಂದು, “ಅಕ್ಕಾರ, ಎಲ್ಲಾರೂ ಬರ್ರಿ, ನೀವು ಬರಲಿಲ್ಲಂದ್ರ ಸಭಾಕ್ಕ ಕಳೆನ ಇಲ್ಲ” ಎಂದರು. ನಾವು ಹೋದೆವು. ಭಾಗವಹಿಸುವುದೆಂದರೆ ಗೋಡೆಗೆ ಒರಗಿ ನಿಲ್ಲುವುದು ಮತ್ತು ಚಹಾ ಹಂಚುವುದು ಎಂದು ಅಲ್ಲಿ ತಿಳಿಯಿತು.

ತಮ್ಮ ದರ್ಶನವಾದದ್ದು ಆಗಲೇ. ಹಸಿರು ಬಟ್ಟೆ ಹಾಸಿದ ದೊಡ್ಡ ಮೇಜು, ಮೇಲೆ ಗಣಪತಿಯ ಪಟ, ಊದಿನಕಡ್ಡಿ, ಹೂದಾನಿ. ನಾನು ಭಕ್ತಿಯಿಂದ ಕೈಮುಗಿದೆ, ಕೆನ್ನೆಗೆ ಕೈ ಹಚ್ಚಿಕೊಂಡೆ. ಅಧ್ಯಕ್ಷರು ಕುರ್ಚಿ ಎಳೆದು ಕೂಡುವಾಗಲೆಲ್ಲ ಅವರ ಮೊಣಕಾಲಿಗೆ ಏನೋ ಟಣ್ಣೆಂದು ಬಡಿಯುತ್ತಿತ್ತು, ಅವರು ಮುಖ ಕಿವುಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಚಹಾದ ಒಂದು ಬಶಿ ಕೆಳಗೆ ಬಿತ್ತು. ಅದನ್ನು ಎತ್ತಲು ನಾನು ಬಗ್ಗಿದೆ. ಬಟ್ಟೆಯ ಕೆಳಗೆ ತಮ್ಮ ಚಿಲಕ ನನ್ನನ್ನೇ ನೋಡುತ್ತಿತ್ತು, ಒಂದು ಸಲ ಬಿಗಿದುಕೊಂಡಾಗ ಸೇವಂತಿ ಕಲ್ಲಿನಿಂದ ಹೊಡೆದು ಸೊಟ್ಟ ಮಾಡಿದ್ದ ಅದೇ ಚಿಲಕ. ಬಡಗಿ ತಮಗೆ ನಾಲ್ಕು ಕಾಲು ಹಚ್ಚಿದ್ದ, ಕೊಳೆತ ಅಂಚನ್ನು ಗೋಡೆಯ ಕಡೆಗೆ ತಿರುಗಿಸಿದ್ದ, ಚಿಲಕ ತೆಗೆಯಲು ಮಾತ್ರ ಮರೆತಿದ್ದ. ಹೆಂಗಸರ ಸಂಡಾಸದ ಬಾಗಿಲು ಎಲ್ಲಿ ಹೋಯಿತು, ಅದಕ್ಕೆ ಏನು ಮಾಡಬೇಕು ಎಂದು ಬೇಸಿಗೆ ಪೂರ್ತಿ ಆ ಮಹನೀಯರು ಚರ್ಚೆ ಮಾಡಿದ್ದು ಅದೇ ಬಾಗಿಲ ಮೇಲೆ ಮೊಣಕೈ ಊರಿ. ಗುದ್ದಿದ್ದೂ ಅದನ್ನೇ.

ದೇವರ ವಿಷಯ ಬೇಗ ಮುಗಿಸುತ್ತೇನೆ. ಮನೆಗೆ ಬಂದು ನನ್ನ ಶಿವನ ಮುಂದೆ ಕೂತು, ಗಣಪ್ಪನನ್ನು ಎಲ್ಲಿ ಕೂಡಿಸಿದ್ದಾರೆಂದು ಹೇಳಿಬಿಟ್ಟೆ. ಎಲ್ಲದರಲ್ಲೂ ಇರುವವನಿಗೆ ಇದು ಹೊಸ ಜಾಗವಲ್ಲ. ನನಗೆ ಬೆರಗಾಗುವುದು ಶಿವಪುತ್ರಪ್ಪನವರ ಮಡಿ. ಅವರು ಸಂಡಾಸಕ್ಕೆ ಹೋಗಿ ಬಂದರೆ ಮಣ್ಣು ಹಚ್ಚಿ ಹಚ್ಚಿ ಕೈ ತೊಳೆದು, ಧೋತರ ಬದಲಿಸಿ, ನಳದ ಹತ್ತಿರ ನಿಂತವರನ್ನೆಲ್ಲ ಸರಿಸುವವರು. ಅವರೇ ಅವತ್ತು, ಬಾಗಿಲು ಮಹಾಶಯರೇ, ತಮ್ಮ ಮೇಲೆ ಚುರುಮುರಿ ಸುರುವಿಕೊಂಡು, ಉದುರಿದ್ದನ್ನು ಬೆರಳಿನಿಂದ ಒತ್ತಿ ಒತ್ತಿ ಆರಿಸಿ ತಿಂದರು. ತಮ್ಮ ಸಾನ್ನಿಧ್ಯದಿಂದ ಯಾರಿಗಾದರೂ ಉದ್ಧಾರವಾಗಿದ್ದರೆ ಅದು ಆ ಚುರುಮುರಿಗೆ.

ಸಾಹೇಬರು ಹೆಂಗಸರ ಕಡೆ ತಿರುಗಿ ತಮಗೇನಾದರೂ ಅಡಚಣೆ ಇದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮೆಲ್ಲರ ಬಾಯಿಯ ಕೆಲಸವನ್ನು ಅಧ್ಯಕ್ಷರು ತಾವೇ ಮಾಡಿದರು. ಈ ಚಾಳಿನ ಹೆಂಗಸರು ಸಂಡಾಸದ ಪ್ರಶ್ನೆಯನ್ನು ಸಮಿತಿಯ ಮೇಲೆ ಹೊರಿಸದೆ ಸ್ವಂತ ಬುದ್ಧಿಯಿಂದ ಛತ್ರಿಯ ವ್ಯವಸ್ಥೆ ಮಾಡಿಕೊಂಡಿದ್ದಾರೆ, ನಿವಾಸಿಗಳ ಸಹಭಾಗಿತ್ವಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಡೀ ಕುರ್ಲಾದಲ್ಲಿ ಸಿಗದು ಎಂದು ವರದಿ ಓದಿದರು. ಚಪ್ಪಾಳೆ ಬಿತ್ತು. ನಮ್ಮ ಮನೆಯವರೂ ಬಡಿದರು. ಅಡಚಣೆ ಹೀಗೆ ನಿವಾರಣೆಯಾದ ಕಾರಣ ಬಾಗಿಲಿಗೆಂದು ಕೇಳಿದ್ದ ಸಹಾಯಧನವನ್ನು ಚಾಳಿನ ಮುಂದೆ ಸ್ವಾಗತದ ಕಮಾನು ಕಟ್ಟಲು ಬಳಸುವುದೆಂದು ಅಲ್ಲೇ ಠರಾವು ಆಯಿತು. ಕಮಾನಿಗೆ ಬಾಗಿಲಿಲ್ಲ ನೋಡಿ, ನಮ್ಮ ಸಮಿತಿಗೆ ಅಂಥದೇ ಬಹಳ ಹಿಡಿಸುತ್ತದೆ.

ಸಾಹೇಬರು ಹೋದ ಮೇಲೆ ನಾನು ತಮ್ಮ ಮೇಲಿನ ಬಟ್ಟೆ ಎತ್ತಿ ಎಲ್ಲರಿಗೂ ಚಿಲಕ ತೋರಿಸಿ, ಇದೇನೆಂದು ಕೇಳಿದೆ. ಒಬ್ಬರೂ ನಾಚಲಿಲ್ಲ, ಅದಕ್ಕೂ ಠರಾವು ಬೇಕೇನೋ. ಶಿವಪುತ್ರಪ್ಪನವರು ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ, “ಅಕ್ಕಾರ, ಅದು ಈಗ ಬಾಗಲಾ ಅಲ್ರಿ, ಸಮಿತಿ ಆಸ್ತಿ. ಅದನ್ನ ತಗೀಬೇಕಂದ್ರ ಠರಾವ ಆಗಬೇಕು. ಠರಾವ ಆಗಬೇಕಂದ್ರ ಮೀಟಿಂಗ ಆಗಬೇಕು. ಮೀಟಿಂಗ ಆಗಬೇಕಂದ್ರ ಟೇಬಲ್ ಬೇಕಲ್ರಿ?” ಎಂದರು. ನೆಲದ ಮೇಲೆ ಜಮಖಾನೆ ಹಾಸಿ ಕೂತು ಮಾಡಿರೆಂದೆ. “ನೆಲದ ಮ್ಯಾಲ ಕುಂತ್ರ ಅದು ಭಜನಿ ಆಗತೈತ್ರಿ, ಮೀಟಿಂಗ ಹ್ಯಾಂಗ ಆಗತೈತಿ?” ಎಂದು ನಕ್ಕರು. ಭಜನೆಯಲ್ಲಿ ಹಾಡು ಮುಗಿದ ಮೇಲೆ ಪ್ರಸಾದವಾದರೂ ಕೈಗೆ ಬರುತ್ತದೆ ಎಂದು ಹೇಳಿ ನಾನು ಅಣ್ಣು ಅವರ ಕಡೆ ತಿರುಗಿದೆ. ಅವರು ತಲೆ ತುರಿಸಿಕೊಂಡು, “ಹಾಗಲ್ಲ ಅಮ್ಮಾ, ವಾರ್ಡಿನವರು ಬರುವಾಗ ಒಂದು ಮೇಜು ಬೇಕಲ್ಲ ಮಾರಾಯ್ರೆ. ನಮ್ಮ ಹೋಟ್ಲಿನದ್ದು ತರುವ ಅಂದ್ರೆ ಧನಿಗಳು ಬಿಡ್ಲಿಕ್ಕಿಲ್ಲ” ಎಂದರು. ಹೋಟೆಲಿನ ಧನಿಗಳು ತಮ್ಮ ಮೇಜು ಬಿಡುವುದಿಲ್ಲ, ಏಕೆಂದರೆ ಅದು ಅವರ ಮೇಜು. ನಮ್ಮ ಬಾಗಿಲು ಮಾತ್ರ ಯಾರದೂ ಅಲ್ಲ. ನಮ್ಮ ಮನೆಯವರ ಮುಖ ನೋಡಿದೆ. ಅವರು ಹೂದಾನಿಯಲ್ಲಿ ಹೂವು ಎಷ್ಟು ಬಾಡಿದೆ ಎಂದು ಪರೀಕ್ಷೆ ಮಾಡುತ್ತಿದ್ದರು.

ಮಾನ್ಯರೇ, ಇಷ್ಟೇ ಆಗಿದ್ದರೆ ನಾನು ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ನನ್ನ ವಯಸ್ಸಿಗೆ ಛತ್ರಿಯೇ ಸಾಕು. ಈಗ ಬರೆಯುವುದು ನನ್ನ ಸೊಸೆ ಅಂಬವ್ವಳ ಮಾತು.

ಅಂಬವ್ವ ಬಸುರಿ, ಏಳನೆಯ ತಿಂಗಳು, ಚೊಚ್ಚಲು. ಗೌರಿ ಹಬ್ಬ ಆದ ಮೇಲೆ ತವರಿನವರು ಕರೆದೊಯ್ಯಲು ಬರುತ್ತಾರೆ, ಅಲ್ಲಿಯ ತನಕ ಆ ಎರಡು ಜೀವ ನನ್ನ ಕೈಯಲ್ಲಿ. ಹಳ್ಳಿಯ ಹುಡುಗಿ, ಹೊಲದ ಮರೆ ಕಂಡವಳು, ಇಲ್ಲಿ ಅಂಗಳದ ನಟ್ಟನಡುವೆ, ಮೇಲಿನ ಗ್ಯಾಲರಿಯಲ್ಲಿ ಜನ ಓಡಾಡುವಾಗ, ಛತ್ರಿ ಅಡ್ಡ ಹಿಡಿದು ಕೂಡಲಾರಳು. ಆ ಹೊಟ್ಟೆ ಹೊತ್ತು ಕೂತರೆ ಛತ್ರಿ ಹಿಡಿಯುವುದಾದರೂ ಹೇಗೆ. ಒಂದು ದಿನ ಗಾಳಿಗೆ ಛತ್ರಿ ಹಾರಿತು, ಮೇಲಿಂದ ಯಾವನೋ ನಕ್ಕ. ಅವತ್ತಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಗಂಟಲು ತೊಯ್ಯುವಷ್ಟು ಕುಡಿದು ಲೋಟ ಕೆಳಗಿಡುತ್ತಾಳೆ. ಕುಡಿ ಎಂದು ನಾನು ಹಿಂದೆ ಬಿದ್ದರೆ, “ಬ್ಯಾಡ್ರಿ ಅತ್ತಿ, ಕುಡದ್ರ ಹೋಗಬೇಕಾಗತೈತಿ” ಎನ್ನುತ್ತಾಳೆ. ಹೋದ ವಾರ ನಳದ ಕಟ್ಟೆಯ ಮೇಲೆ ಕೊಡ ಎತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಸೇವಂತಿ ಹಿಡಿಯದಿದ್ದರೆ ಹೊಟ್ಟೆ ಕಲ್ಲಿಗೆ ಬಡಿಯುತ್ತಿತ್ತು. ಧರ್ಮದ ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರಬಾಯಿ ಅವಳ ನಾಲಿಗೆ ನೋಡಿ, ಕಾಲಿನ ಬಾವು ಒತ್ತಿ ನೋಡಿ, ನೀರು ಏಕೆ ಕುಡಿಯುವುದಿಲ್ಲ, ಹೀಗೇ ಆದರೆ ಕೂಸು ಉಳಿಯುವುದಿಲ್ಲ ಎಂದು ಮರಾಠಿಯಲ್ಲಿ ನನ್ನನ್ನೇ ಬೈದರು. ಅತ್ತೆ ನೀರು ಕೊಡುವುದಿಲ್ಲ ಎಂದು ತಿಳಿದರೋ ಏನೋ. ನಮ್ಮ ಬಾಗಿಲು ಸಭೆಯಲ್ಲಿದೆ ತಾಯೀ ಎಂದು ಯಾವ ಭಾಷೆಯಲ್ಲಿ ಹೇಳುವುದು?

ನಾನು ಸೋಮವಾರ ಉಪವಾಸ ಮಾಡುತ್ತೇನೆ, ದೇವರಿಗೆಂದು, ನನ್ನ ಮನಸ್ಸಿನಿಂದ, ಸಂಜೆ ಪೂಜೆಯಾದ ಮೇಲೆ ಹೊಟ್ಟೆ ತುಂಬ ಉಣ್ಣುತ್ತೇನೆ. ಅಂಬವ್ವ ದಿನಾ ಉಪವಾಸ ಮಾಡುತ್ತಾಳೆ, ಯಾವ ದೇವರೂ ಕೇಳಿಲ್ಲ. ಅವಳ ಉಪವಾಸ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ನಾಲ್ವರು ಗಂಡಸರಿಗೆ ಸಲ್ಲುತ್ತಿದೆ.

ಇನ್ನು ಮಾಸ್ತರರು ಹೇಳಿದಂತೆ ಬೇಡಿಕೆ. ತಾವು ಈಗ ಅಧಿಕಾರದ ಹತ್ತಿರ ಇರುವವರು, ಅಧ್ಯಕ್ಷರ ಮೊಣಕೈಗೆ ತಮಗಿಂತ ಆಪ್ತರು ಇಲ್ಲ, ಆದ್ದರಿಂದ ತಮ್ಮಿಂದ ಆಗಬಹುದೆಂದು ಕೇಳುತ್ತಿದ್ದೇನೆ. ತಾವು ಹಿಂದಿರುಗಿ ಬರಲು ಠರಾವು ಬೇಕಾಗುವುದಾದರೆ, ಆ ಠರಾವು ಆಗುವವರೆಗೆ ಅಂಬವ್ವಳ ಬಸಿರು ಏಳನೆಯ ತಿಂಗಳಲ್ಲೇ ನಿಂತಿರತಕ್ಕದ್ದು ಎಂದು ಸಮಿತಿಯಿಂದ ಒಂದು ಆಜ್ಞೆ ಹೊರಡಿಸಿಕೊಡಬೇಕು. ಮಳೆರಾಯನಿಗೂ ಗಾಳಿದೇವರಿಗೂ ಸಮಿತಿಯ ಸದಸ್ಯತ್ವ ಕೊಡಿಸಬೇಕು, ಆಗ ಅವರೂ ರವಿವಾರಕ್ಕೊಮ್ಮೆ ಬಂದು ಚಹಾ ಕುಡಿದು ಉಳಿದ ದಿನ ಏನೂ ಮಾಡದೆ ಇರುತ್ತಾರೆ. ಸಮಿತಿಯ ಮುಂದಿನ ಸಭೆಯನ್ನು ನಮ್ಮ ಸಂಡಾಸದಲ್ಲೇ ಕರೆಯಬೇಕು, ಸದಸ್ಯರು ಒಬ್ಬೊಬ್ಬರಾಗಿ ಒಳಗೆ ಹೋಗಿ ಛತ್ರಿ ಹಿಡಿದು ಕೂತು ತಮ್ಮ ಅಭಿಪ್ರಾಯ ಮಂಡಿಸಬೇಕು, ಹೆಂಗಸರು ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ಬಡಿಯುತ್ತೇವೆ. ಇದಾವುದೂ ಆಗದಿದ್ದರೆ ಸೇವಂತಿಯ ಸಲಹೆ ಒಂದಿದೆ. ಅವಳು ಹೇಳುವುದು, “ಕಾಶವ್ವಕ್ಕ, ಬಾಗಿಲು ಬಾರದಿದ್ರೆ ಬೇಡ, ಅಧ್ಯಕ್ಷರನ್ನೇ ತಂದು ಅಲ್ಲಿ ನಿಲ್ಲಿಸುವ. ಅಗಲ ಸರಿ ಉಂಟು.” ನಾನೂ ಅಳೆದು ನೋಡಿದೆ, ಕಣ್ಣಳತೆಯಲ್ಲಿ. ಒಂದೇ ಸಂದೇಹ, ತಾವು ಮುಚ್ಚಿದರೆ ಮುಚ್ಚಿಯೇ ಇರುತ್ತಿದ್ದಿರಿ, ಅವರ ಬಾಯಿ ಅಷ್ಟು ಹೊತ್ತು ಮುಚ್ಚಿ ಇರಲಾರದು.

ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರ ಸಹವಾಸ ಯಾರಿಗೆ ಬೇಡ. ಆದರೆ ತಾವು ಆ ಖೋಲಿಯಲ್ಲಿ ಮಲಗಿಕೊಂಡಿರುವಾಗ ಒಂದು ಕ್ಷಣ ಯೋಚಿಸಬೇಕು: ನಿಂತಿದ್ದಾಗ ತಮಗೆ ಎಷ್ಟು ಜನ ಋಣಿಗಳಾಗಿದ್ದರು, ಮಲಗಿದ ಮೇಲೆ ತಮ್ಮ ಮೇಲೆ ಎಷ್ಟು ಜನ ಚಹಾ ಚೆಲ್ಲಿದರು. ಸಭೆ ಇರುವುದು ಹೆಂಗಸರ ಮಾನಕ್ಕೋ, ಹೆಂಗಸರ ಮಾನ ಇರುವುದು ಸಭೆಗೋ ಎಂದು ಆ ಮಹನೀಯರಿಗೆ ಕೇಳಿ ಸಾಕಾಗಿದೆ. ಬರುವ ರವಿವಾರದ ಸಭೆಗೆ ಹೆಂಗಸರು ಪೂರ್ಣ ಸಂಖ್ಯೆಯಲ್ಲಿ ಭಾಗವಹಿಸಬೇಕೆಂದು ಶಿವಪುತ್ರಪ್ಪನವರು ಮತ್ತೆ ಹೇಳಿ ಕಳಿಸಿದ್ದಾರೆ, ಕಮಾನಿನ ಪೂಜೆಯಂತೆ. ಅವರ ಮಾತು ಮೀರುವುದಿಲ್ಲ, ಭಾಗವಹಿಸುತ್ತೇವೆ. ಈ ಸಲ ಗೋಡೆಗೆ ಒರಗಿ ನಿಲ್ಲುವುದಿಲ್ಲ.

ಶಿವನು ತಮ್ಮನ್ನು ನೆಟ್ಟಗೆ ನಿಲ್ಲಿಸಲಿ ಎಂದು ಬೇಡುವ, ಮದುಮಗಳಾಗಿದ್ದಾಗಿನಿಂದ ತಮ್ಮನ್ನು ನಂಬಿದ,

ತಮ್ಮ ವಿಶ್ವಾಸಿ,
ಕಾಶವ್ವ
ಭಾಗೀರಥಿ ಚಾಳ, ಕುರ್ಲಾ

ತಾ.ಕ.: ಸಭೆಯಲ್ಲಿ ಕೈ ಎತ್ತುವ ರೂಢಿಯಿರುವ ನಮ್ಮ ಮನೆಯವರಿಗೆ ಹೇಳಿದ್ದೇನೆ, ಈ ರವಿವಾರ ಕೈ ಎತ್ತುವುದಾದರೆ ಬಾಗಿಲ ಒಂದು ಮೂಲೆಯ ಜೊತೆಗೇ ಎತ್ತಬೇಕು, ಇಲ್ಲವಾದರೆ ರಾತ್ರಿಯ ರೊಟ್ಟಿಯನ್ನು ಸಮಿತಿಯಲ್ಲೇ ಕೇಳಬೇಕು. ತಾವು ಉತ್ತರ ಬರೆದು ಟಪಾಲಿಗೆ ಹಾಕುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ಉತ್ತರ ತಾವೇ. ಅದನ್ನು ತರಲು ಸೇವಂತಿ ಬರುತ್ತಾಳೆ, ನಾನಿದ್ದೇನೆ, ಆದರೆ ತಾವು ಸಾಗವಾನಿ, ಭಾರ. ಆದ್ದರಿಂದ ಇದನ್ನು ಓದಿದ ಅಕ್ಕತಂಗಿಯರಲ್ಲಿ ಯಾರಾದರೂ ಇಬ್ಬರು, ಕುರ್ಲಾದವರಾದರೂ ಸರಿ, ಆಂಟಾಪ್ ಹಿಲ್ ಕಡೆಯವರಾದರೂ ಸರಿ, ಸಭೆಯ ಹೊತ್ತಿಗೆ ಬಂದು ನನ್ನ ಉತ್ತರ ತಂದುಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಹೊತ್ತು ತರುವಾಗ ದಾರಿಯಲ್ಲಿ ನಿಂತು ಯಾರ ಕೂಡ ಮಾತಾಡುವಂತಿಲ್ಲ, ಏಕೆಂದರೆ ಮನೆಯಿಂದ ಹೊರಡುವ ಮೊದಲೇ ನಾನು ಅಂಬವ್ವಳಿಗೆ ಒಂದು ತಂಬಿಗೆ ತುಂಬ ನೀರು ಕುಡಿಸಿ ಬಂದಿರುತ್ತೇನೆ.